ಕೊಳಗದ ಲೆಕ್ಕ

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಸಂಜೆ ಕರೆಂಟು ಹೋಗಿತ್ತು, ಜಗಲಿಯಲ್ಲಿ ಕೂತು ಚಿಕ್ಕಪ್ಪನ ಜೊತೆ ರಾಜಕೀಯ ಶುರುವಾಯಿತು. ನಮ್ಮ ಮನೆಯಲ್ಲಿ ಕರೆಂಟು ಹೋದರೆ ಶುರುವಾಗುವುದು ಅದೊಂದೇ. ಈಗಿನ ಶಾಸಕರನ್ನು ಬೈಯುತ್ತಾ ಬೈಯುತ್ತಾ ನಾನು ಹಿಂದಿನ ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರ ಹೆಸರೆತ್ತಿದೆ. ಮಲೆನಾಡಿನವರಿಗೆ ಇದೊಂದು ಚಟ. ಯಾರನ್ನಾದರೂ ತೆಗಳಬೇಕಾದರೆ ಪಕ್ಕದಲ್ಲಿ ಗೋಪಾಲಗೌಡರನ್ನು ನಿಲ್ಲಿಸಿಬಿಡುತ್ತೇವೆ.

ಚಿಕ್ಕಪ್ಪ ಎರಡು ಅವಧಿ ಪಂಚಾಯ್ತಿ ಮೆಂಬರಾಗಿದ್ದವರು. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆಯೇ ಕೇಳಿದರು: "ಅಲ್ಲ ಮಾರಾಯ, ಅಷ್ಟು ಹೊಗಳ್ತೀಯಲ್ಲ, ಅವ್ರು ಒಂದು ಮೋರಿ ಹಾಕ್ಸಿದ್ದು ತೋರ್ಸು ನೋಡೋಣ."

ನನಗೆ ತೋರಿಸಲಾಗಲಿಲ್ಲ. ಅವತ್ತು ಏನೋ ಹಾರಿಕೆಯ ಉತ್ತರ ಕೊಟ್ಟೆ. ಆ ಪ್ರಶ್ನೆ ಮಾತ್ರ ಬೆಂಗಳೂರಿನ ಬಸ್ಸಿನಲ್ಲೂ ನನ್ನ ಪಕ್ಕದಲ್ಲೇ ಕೂತು ಬಂತು. ಮೂರು ಸಲ ಗೆದ್ದ ಶಾಸಕ. ಮಂತ್ರಿಯಾಗಲಿಲ್ಲ. ಅವರ ಪಕ್ಷ ಸರ್ಕಾರದ ಹತ್ತಿರಕ್ಕೂ ಸುಳಿಯಲಿಲ್ಲ. 49ನೇ ವಯಸ್ಸಿಗೆ ತೀರಿಕೊಂಡರು. ಇಂಥವರ ರಾಜಕೀಯ ಜೀವನವನ್ನು ಯಾವ ಅಳತೆಯಲ್ಲಿ ಅಳೆಯುವುದು?

ಅಳತೆ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಆ ರಾಜಕೀಯ ಹುಟ್ಟಿದ್ದೇ ಒಂದು ಅಳತೆಯ ಜಗಳದಲ್ಲಿ.

ಸಾಗರ ತಾಲ್ಲೂಕಿನ ಕಾಗೋಡು. 1951. ಗೇಣಿ ಭತ್ತ, ಅಂದರೆ ಉಳುವವರು ಜಮೀನಿನ ಒಡೆಯರಿಗೆ ಕೊಡಬೇಕಾದ ಭತ್ತ, ಅದನ್ನು ಅಳೆಯುವ ಕೊಳಗದ ಮೇಲೆ ತಕರಾರು. ಕೊಳಗ ಕಾಣದ ಈಗಿನ ಮಕ್ಕಳಿಗಾಗಿ ಹೇಳುತ್ತೇನೆ: ಕೊಳಗ ಅಂದರೆ ಧಾನ್ಯ ಅಳೆಯುವ ಪಾತ್ರೆ, ಸೇರಿಗಿಂತ ದೊಡ್ಡದು. ಮೂರು ಸೇರಿನ ಕೊಳಗದಲ್ಲಿ ಅಳೆಯಿರಿ ಎಂದು ಉಳುವವರು ಕೇಳಿದರು. ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಇಷ್ಟು ಕೊಳಗ ಎಂದೇ ಬರೆದಿರುತ್ತದೆ, ಅಂಕಿ ಬದಲಾಗುವುದಿಲ್ಲ, ಪಾತ್ರೆಯ ಹೊಟ್ಟೆ ಮಾತ್ರ ದೊಡ್ಡದು. ಇಷ್ಟು ಸಲೀಸಾದ ಮೋಸ ಇನ್ನೊಂದಿರಲಾರದು. ಜೊತೆಗೆ ಬಿಟ್ಟಿ ಚಾಕರಿ, ಮೊಣಕಾಲಿನ ಕೆಳಗೆ ಪಂಚೆ ಇಳಿಯಬಾರದೆಂಬ ಕಟ್ಟುಪಾಡು. ಗೇಣಿದಾರರಲ್ಲಿ ಹೆಚ್ಚಿನವರು ದೀವರು ಎಂಬ ಸಮುದಾಯದವರು. ತಕರಾರು ತೆಗೆದವರನ್ನು ಜಮೀನಿನಿಂದ ಬಿಡಿಸಿದರು. ಆ ವರ್ಷದ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗುಂಪು ಗುಂಪಾಗಿ ಹೋಗಿ ಗದ್ದೆಗೆ ಇಳಿಯುವುದು, ನೇಗಿಲು ಹೂಡುವುದು, ಪೊಲೀಸರು ಹಿಡಿದು ಒಯ್ಯುವುದು, ಮಾರನೆಯ ದಿನ ಇನ್ನೊಂದು ಗುಂಪು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಿದರು. ಅಲ್ಲಿಗೆ ಒಂದು ಹಳ್ಳಿಯ ಕೊಳಗದ ಸುದ್ದಿ ದೇಶದ ಪತ್ರಿಕೆಗಳಿಗೆ ಏರಿತು.

ಇಲ್ಲಿ ಒಂದು ತಪ್ಪು ತಿದ್ದಿಕೊಳ್ಳಬೇಕು. ಕಾಗೋಡು ಎಂದರೆ ಗೋಪಾಲಗೌಡರು ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ರೈತರನ್ನು ಮೊದಲು ಒಟ್ಟುಗೂಡಿಸಿದವರು ಎಚ್. ಗಣಪತಿಯಪ್ಪ. ಅವರ ರೈತ ಸಂಘ ಹೊತ್ತಿಸಿದ ಬೆಂಕಿಗೆ ಸಮಾಜವಾದಿ ಪಕ್ಷ ಬಂದು ಕೈಗೂಡಿಸಿತು, ಆ ಪಕ್ಷದ ಕಡೆಯಿಂದ ಮುಂದೆ ನಿಂತ ಯುವಕ ಗೋಪಾಲಗೌಡ. ಜೈಲಿಗೆ ಹೋದ ನೂರಾರು ಜನರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಚುನಾವಣೆಗೆ ನಿಂತವನ ಹೆಸರು ಉಳಿಯುತ್ತದೆ, ನೇಗಿಲು ಹಿಡಿದವನದು ಪೊಲೀಸ್ ಠಾಣೆಯ ಕಡತದಲ್ಲಿ ಗೆದ್ದಲು ತಿನ್ನುತ್ತದೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ಜೈಲು ಕಂಡವರು. ಕಾಗೋಡಿನ ಮರುವರ್ಷ, ಅಂದರೆ 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ–ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ಎ.ಆರ್. ಬದರಿನಾರಾಯಣ್. ಸಾಮಾನ್ಯ ಆಳಲ್ಲ, ಮುಂದೆ ಶಿಕ್ಷಣ ಮಂತ್ರಿಯಾದವರು. ಅವರ ಎದುರಿಗೆ 29ರ ಹುಡುಗ. "ಒಂದು ಓಟು, ಒಂದು ನೋಟು" ಎಂಬ ಮಾತನ್ನು ನಮ್ಮ ಕಡೆ ಇವತ್ತಿಗೂ ಗೋಪಾಲಗೌಡರ ಚುನಾವಣೆಗಳ ಜೊತೆಗೇ ಹೇಳುತ್ತಾರೆ. ಓಟು ಕೊಡುವವರೇ ನೋಟನ್ನೂ ಕೊಡುವ ಕಾಲ ಅದು. ಈಗ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಒಬ್ಬ ವಿಧಾನಸಭಾ ಅಭ್ಯರ್ಥಿ ಖರ್ಚು ಮಾಡಬಹುದಾದ ಹಣದ ಮಿತಿಯನ್ನು ಚುನಾವಣಾ ಆಯೋಗ 2022ರಲ್ಲಿ 40 ಲಕ್ಷಕ್ಕೆ ಏರಿಸಿತು. ಆ ಮಿತಿಯ ಬಗ್ಗೆ ಅಭ್ಯರ್ಥಿಗಳ ಕಡೆಯವರನ್ನು ಕೇಳಿದರೆ ಮುಗುಳ್ನಗುತ್ತಾರೆ.

ಹುಡುಗ ಗೆದ್ದ. ಆಗಿನ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನ, 74 ಕಾಂಗ್ರೆಸ್ಸಿಗೆ, ಸಮಾಜವಾದಿಗಳಿಗೆ 3. ಕೆಂಗಲ್ ಹನುಮಂತಯ್ಯನವರಂಥ ದೈತ್ಯ ಮುಖ್ಯಮಂತ್ರಿ. ಮೂರು ಜನ ಸೇರಿ ಏನು ಮಾಡಲು ಸಾಧ್ಯ? ಮತ ಹಾಕಿ ಏನನ್ನೂ ತಡೆಯಲಾಗದು, ಏನನ್ನೂ ತರಲಾಗದು. ಉಳಿಯುವುದು ಮಾತು ಒಂದೇ. ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿ ಎದ್ದುನಿಂತು ಉತ್ತರ ಕೊಡಲೇಬೇಕು, ಕೊಟ್ಟ ಉತ್ತರ ನಡವಳಿಯಲ್ಲಿ ಅಚ್ಚಾಗುತ್ತದೆ. ಬಜೆಟ್ಟಿನ ಬೇಡಿಕೆಗೆ ಒಂದು ಕಡಿತ ಸೂಚನೆ, ಅಂದರೆ ಕೇಳಿದ ಹಣವನ್ನು ತಗ್ಗಿಸಿ ಎಂಬ ಸೂಚನೆ, ಕೊಟ್ಟರೆ, ಅದು ಬಿದ್ದುಹೋಗುತ್ತದೆಂದು ಎಲ್ಲರಿಗೂ ಗೊತ್ತಿದ್ದರೂ, ಚರ್ಚೆಯಂತೂ ಆಗುತ್ತದೆ. ವಿರೋಧ ಪಕ್ಷದ ಸಣ್ಣ ಶಾಸಕನ ಕೈಯಲ್ಲಿರುವುದು ಇಂಥ ಚಿಲ್ಲರೆ ಕಾಸು. ಅದನ್ನು ಹೇಗೆ ಎಣಿಸಿ ಖರ್ಚು ಮಾಡುತ್ತಾನೆ ಎಂಬುದರಲ್ಲೇ ಅವನ ಯೋಗ್ಯತೆ ಕಾಣುವುದು.

ಗೋಪಾಲಗೌಡರು ಅದನ್ನು ಎರಡೇ ಸಾಮಾನಿಗೆ ಖರ್ಚು ಮಾಡಿದರು ಅನ್ನಬಹುದು: ಭೂಮಿ ಮತ್ತು ಭಾಷೆ. ಗೇಣಿದಾರನಿಗೆ ಭೂಮಿ, ಆಡಳಿತಕ್ಕೆ ಕನ್ನಡ. 1956ರಲ್ಲಿ ಕನ್ನಡ ನಾಡು ಒಂದಾದಾಗಲೂ ಹೆಸರು ಮೈಸೂರು ಎಂದೇ ಉಳಿಯಿತು. ಅದು ಕರ್ನಾಟಕವಾಗಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ಇವೆರಡೂ ಬೇರೆ ಬೇರೆ ವಿಷಯ ಎಂದು ನಾನು ಮೊದಲು ಭಾವಿಸಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಮಲ್ದಾರರ ಕಚೇರಿಯಿಂದ ಬಂದ ಕಾಗದವನ್ನು ಓದಲಾರದೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲುವವನಿಗೆ ಭೂಮಿ ಕೊಟ್ಟರೂ ಅದು ಎಷ್ಟು ದಿನ ಉಳಿದೀತು? ಅದೇ ಜಿಲ್ಲೆಯಿಂದ, ಅದೇ ಸಮಾಜವಾದಿ ಬಳಗದಿಂದ 1967ರಲ್ಲಿ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿದ್ದೂ ಇದೇ ಬೇರಿನ ಇನ್ನೊಂದು ಕೊಂಬೆ.

1957ರಲ್ಲಿ ಗೋಪಾಲಗೌಡರು ಸೋತರು.

ಈ ಸೋಲಿನ ಬಗ್ಗೆ ಹೊಗಳಿಕೆಯ ಲೇಖನಗಳಲ್ಲಿ ಒಂದು ಸಾಲಿರುತ್ತದೆ, ಅಷ್ಟೆ. ನನಗಂತೂ ಅವರ ಇಡೀ ಜೀವನದಲ್ಲಿ ಕುತೂಹಲ ಹುಟ್ಟಿಸುವುದು ಈ ಐದು ವರ್ಷಗಳೇ. 34ರ ವಯಸ್ಸು. ಪಕ್ಷ ಒಡೆದಿದೆ; 1955ರ ಕೊನೆಗೆ ಲೋಹಿಯಾ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಹೊರಬಂದು ಬೇರೆ ಪಕ್ಷ ಕಟ್ಟಿದ್ದಾರೆ. ರಾಜ್ಯಗಳ ಪುನರ್ವಿಂಗಡಣೆಯಾಗಿ ಸದನ 208 ಸ್ಥಾನಗಳಿಗೆ ಬೆಳೆದಿದೆ, ಕ್ಷೇತ್ರಗಳ ಗಡಿ ಅತ್ತಿತ್ತ ಆಗಿದೆ. ಸೋತ ಶಾಸಕನ ಮನೆಗೆ ಯಾರೂ ಬರುವುದಿಲ್ಲ. ಗೆದ್ದಾಗ ಜಗಲಿ ತುಂಬ ಚಪ್ಪಲಿ, ಸೋತ ಮಾರನೆಯ ಬೆಳಿಗ್ಗೆ ನಾಯಿ ಮಾತ್ರ. ನಮ್ಮ ತಾಲ್ಲೂಕಿನಲ್ಲೇ ಸೋತವರೊಬ್ಬರನ್ನು ಹುಡುಗನಾಗಿದ್ದಾಗ ಕಂಡಿದ್ದೇನೆ: ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪೇಪರ್ ಓದುವವರ ಹಾಗೆ ನಟಿಸುತ್ತಾ, ಯಾರಾದರೂ ನಮಸ್ಕಾರ ಮಾಡುತ್ತಾರೋ ಎಂದು ಕಣ್ಣಂಚಿನಲ್ಲಿ ನೋಡುತ್ತಿದ್ದರು. ಒಂದೇ ವರ್ಷದಲ್ಲಿ ಪಕ್ಷ ಬದಲಿಸಿದರು. ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಕಣ್ಣಂಚಿನ ನೋಟ ನೆನಪಾಗುತ್ತದೆ.

ಗೋಪಾಲಗೌಡರು ಕದಲಲಿಲ್ಲ. ಕಾಂಗ್ರೆಸ್ಸಿನ ಬಾಗಿಲು ದೊಡ್ಡದಾಗಿಯೇ ತೆರೆದಿದ್ದ ಕಾಲ ಅದು, ಎಷ್ಟೋ ಸಮಾಜವಾದಿಗಳು ಹೋದರು. ಇವರು 1962ರಲ್ಲಿ ಲೋಹಿಯಾರ ಪಕ್ಷದಿಂದ ಸದನಕ್ಕೆ ಮರಳಿದರು, 1967ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ತೀರ್ಥಹಳ್ಳಿಯಲ್ಲಿ ಮತ್ತೆ ಗೆದ್ದರು. ದಾಖಲೆ ನೋಡಿದರೆ ಪಕ್ಷದ ಹೆಸರು ಸಲಸಲವೂ ಬೇರೆ. ಅವರು ನಿಂತಲ್ಲೇ ನಿಂತಿದ್ದರು, ಪಕ್ಷವೇ ಕಾಲಡಿಯಲ್ಲಿ ಒಡೆಯುತ್ತಿತ್ತು, ಕೂಡುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಸಮಾಜವಾದಿಗಳ ಜಗಳ ಅವರಿಗಲ್ಲದೆ ಬೇರೆಯವರಿಗೆ ಅರ್ಥವಾಗುವುದು ಕಷ್ಟ, ಅದನ್ನು ಇಲ್ಲಿಗೇ ಬಿಡುತ್ತೇನೆ. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ. ಅದು ಇಲ್ಲದ ಕಾಲದಲ್ಲಿ ಇವರು ಎಲ್ಲಿಗೂ ಹೋಗಲಿಲ್ಲ. ಅದು ಇದ್ದ ಕಾಲದಲ್ಲಿ, 2019ರಲ್ಲಿ, ನಮ್ಮ ರಾಜ್ಯದ 17 ಮಂದಿ ಶಾಸಕರು ಅನರ್ಹಗೊಂಡರು. ಉಪಚುನಾವಣೆಗೆ ಮತ್ತೆ ನಿಲ್ಲಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನಿಂತು, ಗೆದ್ದು, ಹಲವರು ಮಂತ್ರಿಗಳಾದರು.

ಅವರಿಗೆ ಇನ್ನೊಂದು ಲೋಕವಿತ್ತು. ಸಂಗೀತ ಕೇಳುತ್ತಿದ್ದರು, ಕಾವ್ಯ ಓದುತ್ತಿದ್ದರು. ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನ ಪ್ರಾಂಶುಪಾಲರಾಗಿದ್ದ ದಿನಗಳು ಅವು. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ, ಈ ಮೂವರೂ ಶಿವಮೊಗ್ಗ ಜಿಲ್ಲೆಯವರೇ. ಮೂವರ ಮೇಲೂ ಈ ಮನುಷ್ಯನ ನೆರಳು ಬಿದ್ದಿದೆ. ಶಾಸಕನೊಬ್ಬ ಲೇಖಕರನ್ನು ಸನ್ಮಾನಕ್ಕೆ ಕರೆಯುವುದು ಬೇರೆ, ಅವರ ಜೊತೆ ರಾತ್ರಿಯಿಡೀ ಜಗಳವಾಡುವುದು ಬೇರೆ. ಈಗ ನಮಗೆ ಉಳಿದಿರುವುದು ಶಾಲು ಹೊದಿಸುವ ಶಾಸಕರು.

ಇಷ್ಟೆಲ್ಲ ಓದಿಕೊಂಡು ದೀಪಾವಳಿಗೆ ಮತ್ತೆ ಊರಿಗೆ ಹೋದೆ, ಉತ್ತರ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಕಾಗದವಿದೆ, ಫಾರಂ ನಂಬರ್ 10. ಗೇಣಿಗೆ ಉಳುತ್ತಿದ್ದ ಜಮೀನಿನ ಮೇಲೆ ಭೂ ನ್ಯಾಯಮಂಡಳಿ ನನ್ನ ಅಜ್ಜನಿಗೆ ಅಧಿಭೋಗದ ಹಕ್ಕು ಕೊಟ್ಟ ಪ್ರಮಾಣಪತ್ರ. ಮಡಿಕೆಯ ಜಾಗದಲ್ಲಿ ಹರಿದು ನಾಲ್ಕು ತುಂಡಾಗಿದೆ, ಹಿಂದಿನಿಂದ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಾರೆ. ಅದನ್ನು ಚಿಕ್ಕಪ್ಪನ ಮುಂದಿಟ್ಟು, "ಮೋರಿ ಅಲ್ಲ, ನಾವು ಕೂತಿರೋ ಈ ಜಾಗ ತೋರಿಸ್ತೀನಿ" ಎಂದೆ.

ಚಿಕ್ಕಪ್ಪ ನಕ್ಕರು. "ಇದು ಅರಸು ಕೊಟ್ಟಿದ್ದು. ಗೋಪಾಲಗೌಡ್ರು ಆವಾಗ ಇರ್ಲೇ ಇಲ್ವಲ್ಲೋ."

ಮಾತು ನಿಜ. ದೇವರಾಜ ಅರಸು ಮುಖ್ಯಮಂತ್ರಿಯಾದದ್ದು 1972ರ ಮಾರ್ಚ್ 20ರಂದು. ಗೋಪಾಲಗೌಡರು ತೀರಿಕೊಂಡದ್ದು ಅದೇ ಜೂನ್ 9ರಂದು, ಬೆಂಗಳೂರಿನಲ್ಲಿ, ದೀರ್ಘ ಕಾಯಿಲೆಯ ನಂತರ. ಗೇಣಿಯನ್ನು ಬೇರುಸಹಿತ ಕಿತ್ತ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಬದುಕಿಡೀ ಕೂಗಿದ ಎರಡೂ ಕೂಗಿಗೆ ಓಗೊಟ್ಟು ಬಾಗಿಲು ತೆರೆಯುವ ಹೊತ್ತಿಗೆ ಕೂಗಿದವರು ಇರಲಿಲ್ಲ.

ಆದರೆ ಕಾನೂನು ಅಂದರೆ ಒಂದು ದಿನ ಒಬ್ಬ ಮುಖ್ಯಮಂತ್ರಿ ಬರೆದು ಸಹಿ ಹಾಕುವುದೇ? ನಮ್ಮ ಪೆಟ್ಟಿಗೆಯ ಆ ಕಾಗದದ ಹಿಂದೆ ಎಷ್ಟು ಪದರಗಳಿವೆ ನೋಡಿ. ತೀರ್ಥಹಳ್ಳಿ ಸೀಮೆಯವರೇ ಆದ ಕಡಿದಾಳು ಮಂಜಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ 1952ರ ಗೇಣಿ ಕಾಯ್ದೆ ಬಂತು. ಅವರು ಕಾಂಗ್ರೆಸ್ಸಿನವರು, ಗೋಪಾಲಗೌಡರ ಎದುರು ಬೆಂಚು. 1957ರಲ್ಲಿ ಬಿ.ಡಿ. ಜತ್ತಿಯವರ ಸಮಿತಿ. 1961ರಲ್ಲಿ ಭೂಸುಧಾರಣಾ ಕಾಯ್ದೆ. ಅದು ಜಾರಿಗೆ ಬರಲು 1965ರ ಅಕ್ಟೋಬರ್ ತನಕ ಕಾಯಬೇಕಾಯಿತು, ಅಷ್ಟರಲ್ಲಿ ಎಷ್ಟು ಗೇಣಿದಾರರನ್ನು ಸದ್ದಿಲ್ಲದೆ ಎಬ್ಬಿಸಿರಬೇಕು. ಪ್ರತಿ ಕಾಯ್ದೆಯಲ್ಲೂ ತೂತುಗಳು. ಒಡೆಯನೇ ಸ್ವಂತ ಸಾಗುವಳಿ ಮಾಡುತ್ತೇನೆಂದರೆ ಬಿಡಿಸಿಕೊಳ್ಳಲು ಅವಕಾಶ. ಆ ತೂತುಗಳನ್ನು ಯಾರಾದರೂ ಎದ್ದುನಿಂತು ತೋರಿಸುತ್ತಲೇ ಇರಬೇಕು, ಬಹುಮತ ನಗುತ್ತಿದ್ದರೂ. ಅರಸು ಕಾಯ್ದೆಯಲ್ಲಿ ಆ ತೂತುಗಳನ್ನು ಬಹುಮಟ್ಟಿಗೆ ಮುಚ್ಚಿದರು: ಗೇಣಿ ಪದ್ಧತಿಯೇ ರದ್ದು, ಫಾರಂ 7 ತುಂಬಿ ಕೊಟ್ಟರೆ ಸಾಕು, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ಊರಿನ ಜನರ ಸಾಕ್ಷ್ಯ ಕೇಳಿ ತೀರ್ಮಾನಿಸುತ್ತದೆ, ವಕೀಲರಿಗೆ ಅಲ್ಲಿ ಜಾಗವಿಲ್ಲ. ವಕೀಲರನ್ನು ಹೊರಗಿಟ್ಟದ್ದು ಅರಸರ ಜಾಣತನದ ತುದಿ. ಅಜ್ಜನಂಥವರು ಬಾಯಿಬಿಟ್ಟು ಮಾತಾಡಿದ್ದು ಅದರಿಂದ.

ಹೀಗೆಂದು ಎಲ್ಲ ಪುಣ್ಯವನ್ನೂ ಗೋಪಾಲಗೌಡರ ಖಾತೆಗೆ ಜಮಾ ಮಾಡಲು ನಾನು ಹೊರಟಿಲ್ಲ. ಅರಸರಿಗೆ ಸಲ್ಲಬೇಕಾದದ್ದು ಅರಸರಿಗೆ. ಮತ್ತೆ, ಆ ಕಾಯ್ದೆ ಎಲ್ಲರಿಗೂ ನ್ಯಾಯ ಕೊಡಲಿಲ್ಲ ಎಂಬುದನ್ನೂ ನಮ್ಮ ಊರಲ್ಲೇ ನೋಡಿದ್ದೇನೆ. ಗೇಣಿ ಚೀಟಿ ಇದ್ದವನಿಗೆ, ಗೇಣಿ ಮಾಡಿದ್ದೇನೆಂದು ಹೇಳಿಕೊಳ್ಳಲು ಸಾಧ್ಯವಿದ್ದವನಿಗೆ ಭೂಮಿ ಸಿಕ್ಕಿತು. ಅದೇ ಗದ್ದೆಯಲ್ಲಿ ತಲೆತಲಾಂತರದಿಂದ ಕೂಲಿ ಮಾಡಿದ ಕೇರಿಯವರಿಗೆ ಏನೂ ಸಿಗಲಿಲ್ಲ. ನಿನ್ನೆಯವರೆಗೆ ಒಡೆಯರಿಗೆ ಆಳಾಗಿದ್ದವರು ಮಾರನೆಯ ದಿನ ನಮಗೆ ಆಳಾದರು. ಊರಿನ ಕೆಳಗಿನ ಮನೆಯ ವಿಧವೆಯೊಬ್ಬರು, ಇದ್ದ ಒಂದೂವರೆ ಎಕರೆಯನ್ನು ಉಳಲಾಗದೆ ಗೇಣಿಗೆ ಕೊಟ್ಟಿದ್ದವರು, ಅದನ್ನು ಕಳೆದುಕೊಂಡು ಸಂಬಂಧಿಕರ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದರು. ದೊಡ್ಡ ಒಡೆಯರು ಬೆಂಗಳೂರಿನಲ್ಲಿ ಮಕ್ಕಳನ್ನು ಓದಿಸಿ ಬೇರೆ ದಾರಿ ಹಿಡಿದರು. ಅಜ್ಜಿ ಆ ಅಮ್ಮನ ಹೆಸರು ಬಂದಾಗಲೆಲ್ಲ ಸುಮ್ಮನಾಗುತ್ತಿದ್ದಳು. ಕಾಯ್ದೆಯ ಅಳತೆಯೂ ಎಲ್ಲ ಕಡೆ ಒಂದೇ ಕೊಳಗವಾಗಿರಲಿಲ್ಲ.

ಈಗಿನ ಶಾಸಕರ ಮನೆಯ ಮುಂದೆ ಬೆಳಿಗ್ಗೆ ಆರಕ್ಕೇ ಜನ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಮಗನಿಗೆ ವರ್ಗಾವಣೆ ಆಗಬೇಕು, ಮದುವೆಗೆ ಬರಬೇಕು, ಠಾಣೆಗೆ ಒಂದು ಫೋನ್ ಮಾಡಬೇಕು. ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸಮುದಾಯ ಭವನ, ದೇವಸ್ಥಾನದ ಕಾಂಪೌಂಡು, ಬಸ್ ತಂಗುದಾಣ, ಅದರ ಮೇಲೆ ಅವರದೇ ಫೋಟೋ. ಅಪ್ಪಣೆಯಿಲ್ಲದೆ ಉಳುತ್ತಿರುವ ಸರ್ಕಾರಿ ಭೂಮಿಯನ್ನು ಸಕ್ರಮ ಮಾಡುವ ಬಗರ್‌ಹುಕುಂ ಸಮಿತಿಗೂ ಅವರೇ ಅಧ್ಯಕ್ಷರು. ಫಾರಂ 50, 53, 57 ಹಿಡಿದು ಜನ ಅವರ ಮುಂದೆಯೇ ನಿಲ್ಲಬೇಕು. ಭೂಮಿಯ ಪ್ರಶ್ನೆ ಸದನದಲ್ಲಿ ಕಾನೂನಾಗಿ ತೀರುವ ಬದಲು ಶಾಸಕರ ಮನೆಯ ಜಗಲಿಯಲ್ಲಿ ಒಂದೊಂದೇ ಅರ್ಜಿಯಾಗಿ ಕರಗುತ್ತಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಗೋಪಾಲಗೌಡರನ್ನು ಮೊದಲು ಗೆಲ್ಲಿಸಿದ ಸಾಗರ–ಹೊಸನಗರದ ಎಷ್ಟೋ ಹಳ್ಳಿಗಳು ಅದರ ನೀರಿನಡಿ ಹೋದವು. ಅಲ್ಲಿಂದ ಎದ್ದು ಬಂದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ, ಪ್ರತಿ ಚುನಾವಣೆಯಲ್ಲೂ ಅದೇ ಭರವಸೆ. ಇನ್ನು ಸದನ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು 2005ರಲ್ಲಿ ನಮ್ಮ ಶಾಸಕರೇ ಕಾಯ್ದೆ ಮಾಡಿಕೊಂಡರು. ಆ ಕಾಯ್ದೆ ಪಾಲಿಸುವುದಕ್ಕಿಂತ ಮುರಿಯುವುದೇ ಹೆಚ್ಚು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು: ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ತಡೆಯಾಗಿದ್ದ 79ಎ, 79ಬಿ ಕಲಂಗಳನ್ನು ಪೂರ್ವಾನ್ವಯವಾಗುವಂತೆ ತೆಗೆದುಹಾಕಿದರು. ಯಾವ ದಿನದಿಂದ ಗೊತ್ತೇ? 1974ರ ಮಾರ್ಚ್ 1ರಿಂದ.

ಇದನ್ನು ಹೇಳಿದಾಗ ಚಿಕ್ಕಪ್ಪ ನಗಲಿಲ್ಲ. ನಮ್ಮ ಊರಿನ ಮೇಲಿನ ಗುಡ್ಡದಲ್ಲಿ ಈಗಾಗಲೇ ಎರಡು ಹೋಂಸ್ಟೇ ಎದ್ದಿವೆ. "ಆವಾಗ ಯಾರೂ ಮಾತಾಡ್ಲಿಲ್ವಾ?" ಎಂದರು. ಮಾತಾಡಿದರು, ವಿರೋಧವಿತ್ತು, ರೈತರು ಬೀದಿಗೂ ಬಂದಿದ್ದರು. ಆದರೆ ಯಾವ ಶಾಸಕ ಏನು ಮಾತಾಡಿದ ಎಂದು ನೆನಪಿಟ್ಟುಕೊಳ್ಳುವಷ್ಟು ಹೊತ್ತು ನಮಗೂ ಇರಲಿಲ್ಲ, ಕೊರೊನಾ ಕಾಲ.

ಹಾಗೆ ನೋಡಿದರೆ ಚಿಕ್ಕಪ್ಪನ ಮೋರಿಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಬಾರದಿತ್ತು. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಬಸುರಿಯನ್ನು ಕಂಬಳಿಯಲ್ಲಿ ಹೊತ್ತೊಯ್ದ ಊರು ನಮ್ಮದು. ಮೋರಿ ಕೇಳುವುದು ತಪ್ಪಲ್ಲ. ಮೆಂಬರಾಗಿದ್ದಾಗ ಆ ಹಳ್ಳಕ್ಕೆ ಮೋರಿ ಹಾಕಿಸಿದವರು ಚಿಕ್ಕಪ್ಪನೇ, ಅದನ್ನು ಅವರು ಒಂದು ಸಲವೂ ಹೇಳಿಕೊಂಡಿಲ್ಲ. ಪಂಚಾಯ್ತಿಯವನು ಮಾಡಬೇಕಾದದ್ದನ್ನು ಶಾಸಕ ಮಾಡುತ್ತಾ ಹೋದರೆ ಶಾಸಕ ಮಾಡಬೇಕಾದದ್ದನ್ನು ಯಾರು ಮಾಡುತ್ತಾರೆ ಎಂದು ನಾನು ಕೇಳಿದೆ. "ಅದನ್ನ ಓಟು ಕೇಳೋಕೆ ಬರ್ತಾರಲ್ಲ, ಅವ್ರ ಹತ್ರ ಕೇಳು" ಎಂದು ಎದ್ದು ಒಳಗೆ ಹೋದರು.

ಅಟ್ಟ ಹತ್ತುವ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಧೂಳು ಕೊಡವಿಕೊಳ್ಳುತ್ತಾ ಬಂದರು, ಕೈಯಲ್ಲಿ ಕಂಚಿನ ಪಟ್ಟಿ ಹೊಡೆದ ಒಂದು ಮರದ ಕೊಳಗ. ಒಡೆಯರ ಮನೆ ಖಾಲಿ ಮಾಡುವಾಗ ಹಳೆಯ ಸಾಮಾನಿನ ಜೊತೆ ಅಜ್ಜ ತಂದದ್ದಂತೆ. ಯಾಕೆ ತಂದನೋ ಯಾರಿಗೂ ಹೇಳಿರಲಿಲ್ಲ. ನಾನು ಕಂಡಂತೆ ಅದರಲ್ಲಿ ಒಣ ಹುಣಸೆಹಣ್ಣು ತುಂಬಿಟ್ಟಿರುತ್ತಿದ್ದರು.

"ಸೇರು ತಗಂಬಾ" ಎಂದರು ಚಿಕ್ಕಮ್ಮನಿಗೆ. ಚಿಕ್ಕಮ್ಮ ಗೊಣಗುತ್ತಾ ಸೇರನ್ನೂ ಭತ್ತದ ಚೀಲವನ್ನೂ ತಂದರು. ನಾನು ಚೀಲ ಹಿಡಿದುಕೊಂಡೆ, ಚಿಕ್ಕಪ್ಪ ಸೇರು ತುಂಬಿ, ಅಂಗೈಯಿಂದ ಮೇಲೆ ಸವರಿ ಮಟ್ಟ ಮಾಡಿ, ಕೊಳಗಕ್ಕೆ ಸುರಿದರು. ಒಂದು ಎನ್ನುವ ಬದಲು, ಹಳಬರು ಅಳೆಯುವಾಗ ಹೇಳುವಂತೆ, "ಲಾಭ" ಎಂದರು. ಆಮೇಲೆ ಎರಡು. ಆಮೇಲೆ ಮೂರು. ಬಗ್ಗಿ ಒಳಗೆ ಕೈ ಹಾಕಿ ಭತ್ತ ಹರಡಿ ನೋಡಿದರು. ಭತ್ತದ ಮಟ್ಟಕ್ಕೂ ಕೊಳಗದ ಕಂಠಕ್ಕೂ ನಡುವೆ ಇನ್ನೂ ನಾಲ್ಕು ಬೆರಳು ಜಾಗವಿತ್ತು.